ಗೋಡೆಯ ಮೇಲೆ ಅದದೇ ಆರು ಫೋಟೊ: ಗಾರ್ಮೆಂಟ್ಸ್ ಲೈನಿನಲ್ಲಿ ಪಾಯಿಂಟ್ ಆಟ ಕಟ್ಟುವುದು ಹೇಗೆ?

ಪ್ರಶ್ನೆ: ಗೌರಿಬಿದನೂರಿನ ಹತ್ತಿರ ಒಂದು ಗಾರ್ಮೆಂಟ್ಸ್ ಘಟಕದಲ್ಲಿ ಎಚ್‌ಆರ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಶರ್ಟ್ ಹೊಲಿಯುವ ನಾಲ್ಕು ಲೈನುಗಳಿವೆ, ಒಂದೊಂದರಲ್ಲೂ 36 ಆಪರೇಟರ್‌ಗಳು. ಕಟಿಂಗ್, ಫಿನಿಶಿಂಗ್, ಹೆಲ್ಪರ್ ಎಲ್ಲ ಸೇರಿ 210 ಜನ, ಮುಕ್ಕಾಲು ಪಾಲು ಹೆಂಗಸರು. ದಿನಾ ಶೇ 12ರಷ್ಟು ಗೈರು. ಸೋಮವಾರ ಮತ್ತು ಸಂಬಳದ ಮಾರನೇ ದಿನ ಇನ್ನೂ ಹೆಚ್ಚು. ಹೋದ ವರ್ಷ 'ತಿಂಗಳ ಉತ್ತಮ ಆಪರೇಟರ್' ಎಂದು ಫೋಟೊ ಹಾಕಿ ₹1,000 ಕೊಡುತ್ತಿದ್ದೆವು. ಎರಡು ತಿಂಗಳು ಹುರುಪಿತ್ತು. ಆಮೇಲೆ ಸುತ್ತಿ ಸುತ್ತಿ ಅದೇ ಆರು ಜನರ ಹೆಸರು ಬರತೊಡಗಿತು, ಜಗಳವಾಯಿತು, ಆಲ್ಟರ್ (ತಪ್ಪಾಗಿ ತಿದ್ದಲು ವಾಪಸ್ ಬರುವ ಪೀಸು) ಕೂಡ ಏರಿತು. ಈಗ ಮ್ಯಾನೇಜ್‌ಮೆಂಟಿನವರು ಗೇಮಿಫಿಕೇಷನ್ (ಕೆಲಸಕ್ಕೆ ಆಟದ ರೂಪ ಕೊಡುವ) ಆ್ಯಪ್ ತಂದು ಪಾಯಿಂಟ್, ಬ್ಯಾಡ್ಜ್, ರ್‍ಯಾಂಕ್ ಪಟ್ಟಿ ಎಲ್ಲ ಮುಂದಿನ ತಿಂಗಳಿಂದಲೇ ಶುರು ಮಾಡಿ ಎನ್ನುತ್ತಿದ್ದಾರೆ. ಆ್ಯಪ್ ಬೇಕೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ:

ಆ್ಯಪ್ ಸದ್ಯಕ್ಕೆ ಬೇಡ. ಒಂದು ಲೈನು, ಒಂದು ಬೋರ್ಡು, ಹನ್ನೆರಡು ವಾರ. ಇಷ್ಟರಲ್ಲಿ ಶುರು ಮಾಡಿ. ಅದಕ್ಕೂ ಮೊದಲು ಎರಡು ವಾರ ಆಟದ ಮಾತನ್ನೇ ಎತ್ತದೆ ಗೈರಿನ ಕಾರಣ ಬರೆದುಕೊಳ್ಳಿ. ಅದು ಯಾಕೆಂದು ಮುಂದೆ ಬರುತ್ತದೆ. ಮೊದಲು ಆ ಫೋಟೊ ಬೋರ್ಡು ಯಾಕೆ ಸತ್ತಿತು ಎಂದು ನೋಡೋಣ, ಏಕೆಂದರೆ ಆ್ಯಪ್‌ನ ರ್‍ಯಾಂಕ್ ಪಟ್ಟಿ ಎಂದರೆ ಅದೇ ಫೋಟೊ ಬೋರ್ಡಿಗೆ ಕರೆಂಟು ಕೊಟ್ಟಂತೆ.

ಲೈನಿನಲ್ಲಿ ಎಲ್ಲರ ಕೆಲಸ ಒಂದೇ ಅಲ್ಲ. ಕಾಲರ್ ಕೂರಿಸುವವಳಿಗೂ ಲೇಬಲ್ ಹಚ್ಚುವವಳಿಗೂ ಗಂಟೆಗೆ ಬರುವ ಪೀಸಿನ ಲೆಕ್ಕ ಬೇರೆ ಎಂಬುದು ನಿಮಗೇ ಗೊತ್ತು. ಸ್ಯಾಮ್ (ಒಂದು ಪೀಸಿಗೆ ಇಷ್ಟು ನಿಮಿಷ ಎಂದು ಗೊತ್ತುಮಾಡಿದ ಲೆಕ್ಕ) ಹಿಡಿದು ಲೆಕ್ಕ ಹಾಕಿದರೂ ಸರಿಹೋಗುವುದಿಲ್ಲ. ಹಿಂದಿನ ಆಪರೇಷನ್‌ನಿಂದ ಬಂಡಲ್ (ಹೊಲಿಯಬೇಕಾದ ತುಂಡುಗಳ ಕಟ್ಟು) ಬರದಿದ್ದರೆ, ಮೆಷಿನ್ ಕೆಟ್ಟು ಮೆಕ್ಯಾನಿಕ್ ಬರುವುದು ಅರ್ಧ ಗಂಟೆ ತಡವಾದರೆ, ಕೈ ಎಷ್ಟು ಚುರುಕಾಗಿದ್ದರೂ ಪೀಸು ಬೀಳುವುದಿಲ್ಲ. ಶರ್ಟಿನ ಸ್ಯಾಮ್ 20 ನಿಮಿಷ ಎಂದುಕೊಳ್ಳಿ. 36 ಜನ 480 ನಿಮಿಷ ಕೂತರೆ 17,280 ನಿಮಿಷ. ಆ ದಿನ 480 ಪೀಸು ಹೊರಬಿದ್ದರೆ ಅದರಲ್ಲಿ ಬಳಕೆಯಾದದ್ದು 9,600 ನಿಮಿಷ, ಅಂದರೆ ಎಫಿಷಿಯೆನ್ಸಿ ಶೇ 55.6. ಉಳಿದ ಶೇ 44ರಲ್ಲಿ ಫೀಡಿಂಗ್ (ಬಂಡಲ್ ಪೂರೈಕೆ) ಎಷ್ಟು ತಿಂದಿತು, ಲೈನ್ ಬ್ಯಾಲೆನ್ಸ್ (ಕೆಲಸದ ಹಂಚಿಕೆ) ಎಷ್ಟು, ಮೆಷಿನ್ ಎಷ್ಟು, ಆಪರೇಟರ್‌ದು ಎಷ್ಟು? ಇದನ್ನು ಬಿಡಿಸದೆ ಒಬ್ಬೊಬ್ಬರಿಗೆ ಅಂಕ ಹಾಕಿದರೆ, ಸುಲಭದ ಆಪರೇಷನ್ ಸಿಕ್ಕವರು ಗೆಲ್ಲುತ್ತಾರೆ. ನಿಮ್ಮ ಆ ಆರು ಜನ ಯಾವ ಯಾವ ಮೆಷಿನ್ ಮೇಲೆ ಕೂರುತ್ತಾರೆ ಎಂದು ಒಮ್ಮೆ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆಲ್ಟರ್ ಏರಿದ್ದಕ್ಕೂ ಕಾರಣ ಇದೇ: ಪೀಸಿಗೆ ದುಡ್ಡು, ಆಲ್ಟರ್‌ಗೆ ಏನೂ ಇಲ್ಲ.

ರ್‍ಯಾಂಕ್ ಪಟ್ಟಿ ತೋರಿಸುವುದರಿಂದ ದುಡಿಮೆ ಏರುತ್ತದೆ ಎಂಬ ನಂಬಿಕೆಯೇ ಅಷ್ಟು ಗಟ್ಟಿಯಾದದ್ದಲ್ಲ. ಅರ್ಥಶಾಸ್ತ್ರಜ್ಞ ಐವಾನ್ ಬರಾಂಕೆ ಪೀಠೋಪಕರಣ ಮಾರುವವರ ಮೇಲೆ ನಡೆಸಿದ ಪ್ರಯೋಗದಲ್ಲಿ, ನೀನು ಎಷ್ಟನೆಯವನು ಎಂದು ಹೇಳುವುದನ್ನು ನಿಲ್ಲಿಸಿದಾಗಲೇ ಮಾರಾಟ ಸುಮಾರು ಶೇ 11ರಷ್ಟು ಹೆಚ್ಚಿತು. 2011ರಲ್ಲಿ ಅಮೆರಿಕದ ಅನಾಹೈಮ್‌ನ ಡಿಸ್ನಿಲ್ಯಾಂಡ್ ಹೋಟೆಲಿನ ಲಾಂಡ್ರಿಯಲ್ಲಿ ಯಾರು ಎಷ್ಟು ವೇಗದಲ್ಲಿದ್ದಾರೆ ಎಂದು ಹೆಸರು ಸಮೇತ ದೊಡ್ಡ ಪರದೆಯಲ್ಲಿ ತೋರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಲ್ಲಿನವರು ಅದಕ್ಕಿಟ್ಟ ಹೆಸರು 'ಎಲೆಕ್ಟ್ರಾನಿಕ್ ಚಾಟಿ'. ನಿಮ್ಮ ಫ್ಲೋರಿನಲ್ಲಿ ಟಿವಿ ಹಾಕುವ ಯೋಚನೆ ಯಾರಿಗಾದರೂ ಇದ್ದರೆ ಈ ಹೆಸರನ್ನು ಅವರ ಕಿವಿಗೆ ಹಾಕಿಡಿ.

ಇನ್ನು ಗೈರು. ಇಡೀ ತಿಂಗಳು ತಪ್ಪದೆ ಬಂದವರಿಗೆ ಬಹುಮಾನ ಎನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಇದೇ ಉಪಾಯವನ್ನು ಅಮೆರಿಕದ ಒಂದು ಲಾಂಡ್ರಿ ಕಂಪನಿ ತನ್ನ ಐದು ಘಟಕಗಳಲ್ಲಿ ಒಂದರಲ್ಲಿ ಮಾಡಿತ್ತು. ತಿಂಗಳಿಡೀ ತಡವಾಗದೆ, ಹೇಳದೆ ತಪ್ಪಿಸದೆ ಬಂದವರ ಹೆಸರು ಚೀಟಿ ಎತ್ತುವ ಡಬ್ಬಕ್ಕೆ ಹೋಗುತ್ತಿತ್ತು, ಗೆದ್ದವರಿಗೆ 75 ಡಾಲರಿನ ಗಿಫ್ಟ್ ಕಾರ್ಡು. ಗಬ್ಲರ್, ಲಾರ್ಕಿನ್, ಪಿಯರ್ಸ್ ಎಂಬ ಮೂವರು ಸಂಶೋಧಕರು ಆ ಲೆಕ್ಕಗಳನ್ನು ಕೂತು ನೋಡಿ 2016ರಲ್ಲಿ ಪ್ರಕಟಿಸಿದರು. ತಡವಾಗುತ್ತದೆ ಅನ್ನಿಸಿದವರು ಹುಷಾರಿಲ್ಲವೆಂದು ರಜೆ ಹೇಳಿದರು, ಏಕೆಂದರೆ ಹಾಗೆ ಹೇಳಿದರೆ ಹೆಸರು ಡಬ್ಬದಲ್ಲೇ ಉಳಿಯುತ್ತಿತ್ತು. ತಿಂಗಳ ಮೊದಲಲ್ಲೇ ಒಮ್ಮೆ ತಪ್ಪಿದವರಿಗೆ ಉಳಿದ ದಿನಗಳಲ್ಲಿ ಗೆಲ್ಲಲು ಏನೂ ಇರಲಿಲ್ಲ, ಹಳೆಯ ಚಾಳಿಗೆ ಮರಳಿದರು. ಮೊದಲಿನಿಂದಲೂ ನಿಯತ್ತಾಗಿ ಬರುತ್ತಿದ್ದವರು, ನಮಗಿಷ್ಟು ದಿನ ಸಿಗದ ಬೆಲೆ ಈಗ ಇವರಿಗೆ ಸಿಗುತ್ತಿದೆಯಲ್ಲ ಎಂಬ ಬೇಸರಕ್ಕೋ ಏನೋ, ಕೆಲಸದಲ್ಲೇ ನಿಧಾನವಾದರು. ಒಟ್ಟು ಆ ಘಟಕದ ದುಡಿಮೆ ಶೇ 1.4 ಇಳಿಯಿತು. ಬಹುಮಾನಕ್ಕೆ ಖರ್ಚಾದದ್ದು ಚಿಲ್ಲರೆ, ನಷ್ಟವಾದದ್ದು ಅದಕ್ಕಿಂತ ದೊಡ್ಡದು.

ಇದರಿಂದ ತೆಗೆದುಕೊಳ್ಳಬೇಕಾದದ್ದು ಎರಡು. ಸುತ್ತು ಚಿಕ್ಕದಿರಬೇಕು, ಒಮ್ಮೆ ತಪ್ಪಿದವರು ಬೇಗ ಹಿಂದಿರುಗುವ ದಾರಿ ಇರಬೇಕು. ಜೊತೆಗೆ, ನೀವು ಅಳೆಯುವ ಸಂಗತಿ ಅವರ ಕೈಯಲ್ಲಿ ಇರಬೇಕು.

ಗೈರು ಪೂರ್ತಿ ಅವರ ಕೈಯಲ್ಲಿಲ್ಲ. ಗೌರಿಬಿದನೂರು, ಮಂಚೇನಹಳ್ಳಿ, ತೊಂಡೇಬಾವಿ ಕಡೆಯಿಂದ ಬರುವವರ ಮನೆಯಲ್ಲಿ ನವೆಂಬರ್–ಡಿಸೆಂಬರಿನಲ್ಲಿ ರಾಗಿ ಕೊಯ್ಲು. ಶಿಡ್ಲಘಟ್ಟದ ಕಡೆಯವರಾದರೆ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಎರಡು ದಿನ ಮನೆಯವರೆಲ್ಲರ ಕೈಯೂ ಬೇಕು. ಯುಗಾದಿ, ವರಮಹಾಲಕ್ಷ್ಮಿ, ಗೌರಿ–ಗಣೇಶ, ಮಹಾಲಯ ಅಮಾವಾಸ್ಯೆ, ಊರ ತೇರು, ಜೂನಿನಲ್ಲಿ ಮಕ್ಕಳ ಶಾಲೆ. ಇವು ಯಾವುವೂ ಹೇಳದೆ ಕೇಳದೆ ಬರುವಂಥವಲ್ಲ. ಲೈನಿಗೆ ನಿಜವಾಗಿ ಏಟು ಬೀಳುವುದು ಗೈರಿನಿಂದಲೂ ಹೆಚ್ಚಾಗಿ, ಬೆಳಿಗ್ಗೆ 9ಕ್ಕೆ ಮೆಷಿನ್ ಖಾಲಿ ಕಂಡಾಗ ಗೊತ್ತಾಗುವ ಗೈರಿನಿಂದ. ಹಿಂದಿನ ಸಂಜೆಯೇ ತಿಳಿದರೆ ಸೂಪರ್‌ವೈಸರ್ ಬೇರೆಯವರನ್ನು ಕೂರಿಸಿ ಲೈನ್ ಬ್ಯಾಲೆನ್ಸ್ ಮಾಡಿಕೊಳ್ಳುತ್ತಾರೆ. ಆದ್ದರಿಂದ ಆಟದಲ್ಲಿ ಅಳೆಯಬೇಕಾದದ್ದು 'ಹೇಳದೆ ಗೈರು'. ಹೇಳಿ ತೆಗೆದ ರಜೆ ಹಾಜರಿಗೆ ಸಮ. ಹಿಂದಿನ ದಿನ ಸಂಜೆ 7ರೊಳಗೆ ಗೊತ್ತುಮಾಡಿದ ಒಂದು ನಂಬರಿಗೆ ಫೋನೋ ವಾಟ್ಸ್‌ಆ್ಯಪ್ ವಾಯ್ಸೋ ಬಂದರೆ ಸಾಕು. ರಾತ್ರಿ ಮಗುವಿಗೆ ಜ್ವರ ಬಂದರೆ ಬೆಳಿಗ್ಗೆ 8ರೊಳಗೆ ಹೇಳಿದರೂ ನಡೆಯುತ್ತದೆ. ಕಂಪನಿ ಗಾಡಿ ತಡವಾದರೆ ಅದು ಯಾರ ಲೆಕ್ಕಕ್ಕೂ ಇಲ್ಲ.

ಆ ಎರಡು ವಾರದ ಪಟ್ಟಿಯ ಉಪಯೋಗ ಇಲ್ಲೇ ಬರುತ್ತದೆ. ತಿರುಗಿ ಬಂದವರನ್ನು ಬೈಯದೆ ಕಾರಣ ಕೇಳಿ, ಐದೇ ಕಾಲಂ ಮಾಡಿ: ದಿನಾಂಕ, ಲೈನು, ಕಾರಣ, ಮೊದಲೇ ಗೊತ್ತಿತ್ತೇ, ಹೇಳಿದ್ದರೆ ಯಾರಿಗೆ. 'ಹೇಳಿದರೆ ರಜೆ ಕೊಡುವುದಿಲ್ಲ, ಅದಕ್ಕೇ ಹೇಳಲಿಲ್ಲ' ಎಂಬ ಉತ್ತರ ಪಟ್ಟಿಯಲ್ಲಿ ಮೇಲಿಂದ ಮೇಲೆ ಬಂದರೆ ಆಟವನ್ನು ಅಲ್ಲಿಗೇ ನಿಲ್ಲಿಸಿ. ಆಗ ರಿಪೇರಿ ಬೇಕಾದದ್ದು ರಜೆ ಕೊಡುವ ಕ್ರಮ. ಸಂಬಳದ ಮಾರನೇ ದಿನದ ಗೈರು ಬ್ಯಾಂಕು, ಸಂತೆ, ಸಂಘದ ಕಂತು ಕಟ್ಟುವುದಕ್ಕೆ ಎಂದು ತಿಳಿದುಬಂದರೆ ಸಂಬಳವನ್ನು ಶನಿವಾರಕ್ಕೆ ಹಾಕಿ ನೋಡಿ. ಯಾವ ಬ್ಯಾಡ್ಜೂ ಮಾಡದ ಕೆಲಸವನ್ನು ಅದು ಮಾಡಬಹುದು.

ಈಗ ಆಟಕ್ಕೆ ಬರೋಣ. ಹೊರಗಿನ ಆ್ಯಪ್‌ಗಿಂತ ಒಳ್ಳೆಯ ಮಾದರಿ ನಿಮ್ಮ ಆಪರೇಟರ್‌ಗಳ ಮನೆಯ ಜಗಲಿ ಮೇಲೆಯೇ ಇದೆ: ಚೌಕಾಬಾರ. ಐದಕ್ಕೆ ಐದು, ಒಟ್ಟು 25 ಮನೆ. ನಾಲ್ಕು ಕಡೆಯಿಂದ ನಾಲ್ಕು ಆಟಗಾರರು. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಒಂದು. ತನ್ನ ಮನೆಯಿಂದ ಹೊರಟ ಕಾಯಿ 24 ಹೆಜ್ಜೆ ನಡೆದರೆ ಹಣ್ಣು. ವಾರಕ್ಕೆ ಆರು ಕೆಲಸದ ದಿನ, ದಿನಕ್ಕೆ ಹೆಚ್ಚೆಂದರೆ 4 ಹೆಜ್ಜೆ ಎಂದಿಟ್ಟರೆ ಸರಿಯಾಗಿ 24. ಹೇಳಿ ಮಾಡಿಸಿದಂತಿದೆ! ನಿಯಮ ವಿವರಿಸಲು ಟ್ರೈನಿಂಗ್ ಬೇಡ, ಕನ್ನಡದವರಿಗೂ ಹಿಂದೂಪುರದ ಕಡೆಯಿಂದ ಬರುವ ತೆಲುಗಿನವರಿಗೂ ಆಟ ಗೊತ್ತಿದೆ. ಬದಲಾವಣೆ ಇಷ್ಟೇ: ಕವಡೆ ಇಲ್ಲ, ಗುಂಪಿಗೊಂದೇ ಕಾಯಿ, ಯಾರೂ ಯಾರ ಕಾಯಿಯನ್ನೂ ಹೊಡೆಯುವಂತಿಲ್ಲ. ನಾಲ್ಕೂ ಕಾಯಿ ಹಣ್ಣಾಗಬಹುದು.

36 ಜನರನ್ನು ಒಂಬತ್ತೊಂಬತ್ತರ ನಾಲ್ಕು ಗುಂಪು ಮಾಡಿ. ಸ್ನೇಹ ನೋಡಿ ಮಾಡಬೇಡಿ, ಕೆಲಸ ನೋಡಿ ಮಾಡಿ: ಫ್ರಂಟ್, ಬ್ಯಾಕ್, ಕಾಲರ್–ಕಫ್–ತೋಳು, ಅಸೆಂಬ್ಲಿ. ಹೀಗೆ ಮಾಡಿದರೆ ಯಾವ ಆಲ್ಟರ್ ಯಾವ ಗುಂಪಿನದು ಎಂಬುದು ಎಂಡ್‌ಲೈನ್ ಚೆಕಿಂಗ್ ಶೀಟಿನಲ್ಲೇ, ಅಂದರೆ ಲೈನಿನ ಕೊನೆಯ ತಪಾಸಣೆಯ ಪಟ್ಟಿಯಲ್ಲೇ, ಗೊತ್ತಾಗುತ್ತದೆ.

ಹೆಜ್ಜೆಯ ಲೆಕ್ಕ ಎರಡೇ ಬಾಬತ್ತಿನಲ್ಲಿ. ಗುಂಪಿನಲ್ಲಿ ಆ ದಿನ ಹೇಳದೆ ಗೈರಾದವರು ಯಾರೂ ಇಲ್ಲದಿದ್ದರೆ 2 ಹೆಜ್ಜೆ, ಒಬ್ಬರಿದ್ದರೆ 1, ಇಬ್ಬರು ಅಥವಾ ಹೆಚ್ಚಾದರೆ ಸೊನ್ನೆ. ಆಲ್ಟರ್ ಆ ಗುಂಪಿನದೇ ಆಟಕ್ಕೆ ಹಿಂದಿನ ನಾಲ್ಕು ವಾರದ ಸರಾಸರಿಗೆ ಸಮ ಅಥವಾ ಕಡಿಮೆ ಇದ್ದರೆ 1, ಸರಾಸರಿಗಿಂತ ಶೇ 15ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ 2. ಒಂದು ಗುಂಪನ್ನು ಇನ್ನೊಂದು ಗುಂಪಿನ ಜೊತೆ ಎಲ್ಲಿಯೂ ಹೋಲಿಸಿಲ್ಲ ಎಂಬುದನ್ನು ಗಮನಿಸಿ. ಕಾಲರ್ ಗುಂಪಿನ ಆಲ್ಟರ್ ಯಾವಾಗಲೂ ಹೆಚ್ಚೇ ಇರುತ್ತದೆ. ಅವರು ಗೆಲ್ಲಬೇಕಾದದ್ದು ತಮ್ಮ ಹೋದ ತಿಂಗಳನ್ನು.

ಒಂದು ದಿನ ಬಿಡಿಸಿ ನೋಡೋಣ. ಫ್ರಂಟ್ ಗುಂಪಿನ ಹಳೆಯ ಸರಾಸರಿ ನೂರು ಪೀಸಿಗೆ 2.4 ಆಲ್ಟರ್. ಅದರ ಶೇ 15 ಕಳೆದರೆ 2.04. ಸೋಮವಾರ 480 ಪೀಸಿನಲ್ಲಿ ಅವರ ಕಡೆಯಿಂದ 10 ಆಲ್ಟರ್ ಬಂತು, ಅಂದರೆ ನೂರಕ್ಕೆ 2.08. ಸರಾಸರಿಗಿಂತ ಕಡಿಮೆ, ಆದರೆ 2.04 ಮುಟ್ಟಲಿಲ್ಲ. 1 ಹೆಜ್ಜೆ. ಹೇಳದೆ ಗೈರಾದವರಿಲ್ಲ, 2 ಹೆಜ್ಜೆ. ಒಟ್ಟು 3. ಮಂಗಳವಾರ ಒಬ್ಬರು ಹೇಳದೆ ಬರಲಿಲ್ಲ, ಆಲ್ಟರ್ 9, ಅಂದರೆ 1.88. ಹಾಜರಿಗೆ 1, ಆಲ್ಟರ್‌ಗೆ 2, ಮತ್ತೆ 3. ಎರಡು ದಿನಕ್ಕೆ ಕಾಯಿ ಆರನೇ ಮನೆಯಲ್ಲಿ. ಭಾಗಾಕಾರ ಯಾರೂ ಮಾಡಬೇಕಿಲ್ಲ. 'ಇಂದು 11ರೊಳಗೆ ಬಂದರೆ ಒಂದು ಹೆಜ್ಜೆ, 9ರೊಳಗೆ ಬಂದರೆ ಎರಡು' ಎಂದು ಆ ದಿನದ ಟಾರ್ಗೆಟ್‌ಗೆ ತಕ್ಕಂತೆ ಬೆಳಿಗ್ಗೆಯೇ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟರಾಯಿತು. ಹೊರಬಂದ ಪೀಸು ಟಾರ್ಗೆಟ್‌ಗಿಂತ ತುಂಬ ಏರುಪೇರಾದ ದಿನ ಮಾತ್ರ ಸಂಜೆ ಎಣಿಕೆ ತಿದ್ದಿದರೆ ಸಾಕು.

ಬಹುಮಾನ 16 ಹೆಜ್ಜೆಗೆ, ಅಂದರೆ ಕಾಯಿ ಒಳಸುತ್ತು ಹೊಕ್ಕಾಗ. ಒಂಬತ್ತು ಜನರ ಗುಂಪಿನಲ್ಲಿ ಶೇ 12 ಗೈರೆಂದರೆ ದಿನಕ್ಕೆ ಸರಾಸರಿ ಒಬ್ಬರು. ಅವರಲ್ಲಿ ಬಹುಪಾಲು ಹೇಳದೆ ಹೋದವರು ಎಂದುಕೊಂಡರೆ ಈಗಿನ ಸ್ಥಿತಿಯಲ್ಲಿ ವಾರಕ್ಕೆ 10ರ ಆಸುಪಾಸು ಹೆಜ್ಜೆ ಬರುತ್ತದೆ. ಹಾಗಾಗಿ ಮೊದಲ ಎರಡು ವಾರ 12ಕ್ಕೇ ಬಹುಮಾನ ಕೊಡಿ, ಮೂರನೇ ವಾರದಿಂದ 16. ಇದನ್ನು ಮೊದಲ ದಿನವೇ ಹೇಳಿರಬೇಕು. 24 ಮುಟ್ಟಿ ಹಣ್ಣಾದವರಿಗೆ ಚಪ್ಪಾಳೆ ಸಾಕು, ಹೆಚ್ಚಿನ ಬಹುಮಾನ ಬೇಡ. ಒಂದೂ ತಪ್ಪಿಲ್ಲದಿರುವುದಕ್ಕೆ ದುಡ್ಡು ಕಟ್ಟಿದರೆ ತಪ್ಪು ನಿಲ್ಲುವುದಿಲ್ಲ, ಮುಚ್ಚಿಡುವುದು ಶುರುವಾಗುತ್ತದೆ. ಸೋಮವಾರ ಬೆಳಿಗ್ಗೆ ಎಲ್ಲ ಕಾಯಿಯೂ ಮತ್ತೆ ಮನೆಗೆ. ಹೋದ ವಾರ ಕೆಟ್ಟವರಿಗೂ ಹೊಸ ಆಟ. ಸೋಮವಾರದ ಗೈರಿಗೆ ಇದೊಂದು ಸಣ್ಣ ಮದ್ದು ಕೂಡ.

ಬೋರ್ಡು 4 ಅಡಿಗೆ 3 ಅಡಿ, ಮ್ಯಾಗ್ನೆಟ್ ಅಂಟುವಂಥದ್ದು. ಲೈನಿನ ತುದಿಯಲ್ಲಿ, ಎಂಡ್‌ಲೈನ್ ಟೇಬಲ್ ಪಕ್ಕ ಇರಲಿ. ಆಫೀಸ್ ರೂಮಿನ ಬಾಗಿಲಲ್ಲಿ ಹಾಕಿದರೆ ಅದು ಬಯ್ಯರ್‌ಗೆ ತೋರಿಸುವ ಅಲಂಕಾರವಾಗುತ್ತದೆ. ಕಾಯಿಗೆ ನಾಲ್ಕು ಬಣ್ಣ ಮಾತ್ರವಲ್ಲ, ನಾಲ್ಕು ಆಕಾರವೂ ಇರಲಿ: ಕಾಲರ್, ತೋಳು, ಗುಂಡಿ, ಜೇಬು. ಮೊದಲೇ ಕೆಂಪು–ಹಸಿರು ಎಂದರೆ ಚೆಕಿಂಗ್ ಕಾರ್ಡು ನೆನಪಾಗುತ್ತದೆ, ಆ ಎರಡು ಬಣ್ಣ ಬಿಡಿ. ಯಾರ ಹೆಸರೂ ಬೋರ್ಡಿನ ಮೇಲೆ ಬೇಡ. ಕಾಯಿ ನಡೆಸುವುದು ಸೂಪರ್‌ವೈಸರ್ ಅಲ್ಲ, ಗುಂಪಿನಿಂದ ವಾರಕ್ಕೊಬ್ಬರು. ಹಿಂದಿನ ದಿನದ ಲೆಕ್ಕವನ್ನು ಬೆಳಿಗ್ಗೆ ಐದು ನಿಮಿಷದಲ್ಲಿ, ಕೆಲಸದ ಅವಧಿಯೊಳಗೇ ಮಾಡಬೇಕು. ಊಟದ ಹೊತ್ತಿನಲ್ಲಿ ಅಥವಾ ಗಂಟೆ ಹೊಡೆದ ಮೇಲೆ ಮಾಡಿದರೆ ಒಂದೇ ವಾರಕ್ಕೆ ಅದು ಶಿಕ್ಷೆಯಾಗುತ್ತದೆ.

ಏನು ಕೊಡಬೇಕು? ವಾರಕ್ಕೆ ತಲೆಗೆ ₹30 ಎಂದಿಟ್ಟುಕೊಳ್ಳಿ. ನಾಲ್ಕೂ ಗುಂಪು ಗೆದ್ದರೆ 36 ಜನಕ್ಕೆ ₹1,080, ಹನ್ನೆರಡು ವಾರಕ್ಕೆ ₹12,960. ಬೋರ್ಡು, ಮ್ಯಾಗ್ನೆಟ್ಟು, ಕಾರ್ಡು ಸೇರಿ ಇನ್ನೊಂದು ನಾಲ್ಕು ಸಾವಿರ. ದುಡ್ಡಾಗಿ ಕೊಡಬೇಡಿ. ₹30 ಕೈಗಿಟ್ಟರೆ ಅದರ ಬೆಲೆ ₹30 ಮಾತ್ರ, ಮೇಲಾಗಿ ನಾಲ್ಕನೇ ವಾರಕ್ಕೆ 'ಐವತ್ತು ಮಾಡಿ' ಎಂಬ ಮಾತು ಬರುತ್ತದೆ. ಏನು ಬೇಕೆಂದು ಗುಂಪೇ ಆರಿಸಲಿ. ಶನಿವಾರ ಸಂಜೆ ಟೀ ಜೊತೆ ಬಿಸಿ ಬಜ್ಜಿ, ಮುಂದಿನ ವಾರವಿಡೀ ಕ್ಯಾಂಟೀನಿನಲ್ಲಿ ಮೊದಲ ಪಂಕ್ತಿ, ಶನಿವಾರ ಸಂಬಳ ಕಡಿತವಿಲ್ಲದೆ 20 ನಿಮಿಷ ಮೊದಲೇ ಗೇಟು, ಅಥವಾ ನಾಲ್ಕು ವಾರ ಕೂಡಿಸಿ ಒಂದೊಂದು ಸ್ಟೀಲ್ ಡಬ್ಬ. ಬಸ್ಸು ಹಿಡಿದು ಊರು ಸೇರಬೇಕಾದ ಹೆಂಗಸರಿಗೆ ಆ 20 ನಿಮಿಷದ ಮುಂದೆ ಬಾಕಿಯೆಲ್ಲ ಸಪ್ಪೆ. ಆದರೆ ಕಂಪನಿ ಗಾಡಿಯಲ್ಲಿ ಹೋಗುವವರಿಗೆ ಮೊದಲೇ ಬಿಟ್ಟರೂ ಗಾಡಿಗೆ ಕಾಯಬೇಕು, ಇದನ್ನು ಮರೆಯಬೇಡಿ.

ಬ್ಯಾಡ್ಜ್ ಬೇಕೆಂದು ಮ್ಯಾನೇಜ್‌ಮೆಂಟ್ ಕೇಳಿದರೆ ಅದನ್ನು ಕಲಿಕೆಯ ಕಾರ್ಡಿಗೆ ತಿರುಗಿಸಿ. ಪ್ರತಿ ಆಪರೇಟರ್‌ಗೆ ಆರು ಚೌಕದ ಒಂದು ಕಾರ್ಡು. ಹೊಸ ಆಪರೇಷನ್ ಒಂದನ್ನು ಎರಡು ಗಂಟೆ ಸತತವಾಗಿ ಶೇ 60 ಎಫಿಷಿಯೆನ್ಸಿಯಲ್ಲಿ, 30 ಪೀಸಿಗೆ ಒಂದಕ್ಕಿಂತ ಹೆಚ್ಚು ಆಲ್ಟರ್ ಇಲ್ಲದೆ ಹೊಲಿದು ತೋರಿಸಿದರೆ ಒಂದು ಸೀಲು. ಮೂರು ಸೀಲಿಗೆ ಗ್ರೇಡ್ ಏರಿಕೆಯ ಪರೀಕ್ಷೆಗೆ ಹಕ್ಕು, ಪಾಸಾದರೆ ಸಂಬಳದಲ್ಲಿ ಅದು ಕಾಣಬೇಕು. ಕಾಣದಿದ್ದರೆ ಈ ಕಾರ್ಡನ್ನು ಅಚ್ಚೇ ಹಾಕಿಸಬೇಡಿ. ನಿಮಗಿದರಿಂದ ಆಗುವ ಲಾಭ ದೊಡ್ಡದು: ಕಾಲರ್‌ನವಳು ರಜೆ ಹಾಕಿದ ದಿನ ಆ ಮೆಷಿನ್ ಮೇಲೆ ಕೂರಬಲ್ಲವರು ಇನ್ನಿಬ್ಬರು ಇರುತ್ತಾರೆ.

ಎಲ್ಲಿ ಕೆಡುತ್ತದೆ ಎಂಬುದೇ ಈ ವಿಷಯದಲ್ಲಿ ಹೆಚ್ಚು ಬರೆಯಬೇಕಾದ ಭಾಗ.

ಮೊದಲನೆಯದು ಚೆಕ್ಕರ್. ಆಲ್ಟರ್‌ಗೆ ಹೆಜ್ಜೆ ಕಟ್ಟಿದ ದಿನದಿಂದ ಎಂಡ್‌ಲೈನ್ ಚೆಕ್ಕರ್ ಮೇಲೆ 'ಅಕ್ಕಾ, ಇದೊಂದು ಬಿಡಕ್ಕಾ' ಎಂಬ ಒತ್ತಡ ಶುರು. ಅವರನ್ನು ಯಾವ ಗುಂಪಿಗೂ ಸೇರಿಸಬೇಡಿ. ಬೇರೆ ಲೈನಿನ ಕ್ವಾಲಿಟಿಯವರು ದಿನಕ್ಕೊಮ್ಮೆ, ಹೊತ್ತು ಹೇಳದೆ ಬಂದು, ಪಾಸಾದ ಪೀಸಿನಿಂದ 20 ತೆಗೆದು ಮತ್ತೆ ನೋಡಲಿ. ಒಂದಕ್ಕಿಂತ ಹೆಚ್ಚು ಕೆಟ್ಟದ್ದು ಸಿಕ್ಕರೆ, ಆ ತಪ್ಪು ಯಾವ ಗುಂಪಿನದೋ ಅದಕ್ಕೆ ಆ ದಿನ ಆಲ್ಟರ್ ಹೆಜ್ಜೆ ಇಲ್ಲ. ಕೆಟ್ಟ ಪೀಸನ್ನು ಬಂಡಲ್‌ನಿಂದ ಎಗರಿಸಿ ಟೇಬಲ್ ಕೆಳಗೆ ಅಡಗಿಸುವುದೂ ಉಂಟು. ಕಟಿಂಗ್‌ನಿಂದ ಬಂದ ಎಣಿಕೆ ಮತ್ತು ಫಿನಿಶಿಂಗ್‌ಗೆ ಹೋದ ಎಣಿಕೆ ವಾರಕ್ಕೊಮ್ಮೆ ತಾಳೆಯಾಗಬೇಕು.

ಎರಡನೆಯದು ಸರಾಸರಿ. ಗೆಲ್ಲುತ್ತಿದ್ದಾರೆ ಎಂದು ಸರಾಸರಿಯನ್ನು ವಾರವಾರ ಬಿಗಿ ಮಾಡಿದರೆ, ಚೆನ್ನಾಗಿ ಮಾಡಿದ್ದಕ್ಕೆ ಮುಂದಿನ ವಾರ ದಂಡ ಎಂದಾಯಿತು. ಜನ ಇದನ್ನು ಹದಿನೈದು ದಿನದಲ್ಲಿ ಅರ್ಥಮಾಡಿಕೊಂಡು ಕೈ ಬಿಗಿಹಿಡಿಯುತ್ತಾರೆ. ಹನ್ನೆರಡು ವಾರ ಸರಾಸರಿ ಕದಲಕೂಡದು. ಸ್ಟೈಲ್ ಬದಲಾದರೆ ಮಾತು ಬೇರೆ. ಪ್ಲೇನ್ ಶರ್ಟಿನಿಂದ ಚೆಕ್ಸ್ ಶರ್ಟಿಗೆ ಹೋದಾಗ ಚೌಕ ಹೊಂದಿಸುವ ಕೆಲಸದಲ್ಲಿ ಆಲ್ಟರ್ ಏರುವುದು ಸಹಜ. ಹೊಸ ಸ್ಟೈಲಿನ ಮೊದಲ ಮೂರು ದಿನ ಆಲ್ಟರ್ ಲೆಕ್ಕ ಬಿಟ್ಟು ಎಲ್ಲರಿಗೂ ಒಂದೊಂದು ಹೆಜ್ಜೆ ಕೊಡಿ. ನಾಲ್ಕನೇ ದಿನದಿಂದ ಆ ಮೂರು ದಿನದ ಸರಾಸರಿಯೇ ಹೊಸ ಗೆರೆ.

ಮೂರನೆಯದು ಗುಂಪಿನೊಳಗಿನ ಕಾಟ. ಸ್ತ್ರೀಶಕ್ತಿ ಸಂಘದಲ್ಲಿ ಒಬ್ಬರು ಕಂತು ತಪ್ಪಿಸಿದರೆ ಉಳಿದವರು ಮನೆ ಬಾಗಿಲಿಗೆ ಹೋಗುವುದನ್ನು ಇಲ್ಲಿನ ಎಲ್ಲರೂ ಕಂಡಿದ್ದಾರೆ. ಇಲ್ಲಿಯೂ 'ನಿನ್ನಿಂದ ಹೋಯಿತು' ಎಂಬ ಮಾತು ಹುಷಾರಿಲ್ಲದವಳ ಮೇಲೆ, ಬಸುರಿಯ ಮೇಲೆ ಬೀಳಬಹುದು. ಹೇಳಿ ತೆಗೆದ ರಜೆಗೆ ಹೆಜ್ಜೆ ಕಳೆಯಬಾರದು ಎನ್ನುವುದು ಮುಖ್ಯವಾಗಿ ಇದಕ್ಕೇ. ಇಷ್ಟಾದರೂ ಒಬ್ಬರ ಮೇಲೇ ಮಾತು ತಿರುಗುತ್ತಿದೆ ಎಂದು ಕಂಡರೆ ಆ ಗುಂಪಿನ ಆಟ ನಿಲ್ಲಿಸುವ ಅಧಿಕಾರ ನಿಮಗಿರಲಿ.

ಕೆಲವು ಸಂಗತಿಗಳಿಗೆ ಅಂಕ ಕಟ್ಟಲೇಬಾರದು. ಟಾಯ್ಲೆಟ್‌ಗೆ ಎದ್ದದ್ದು, ನೀರು ಕುಡಿಯಲು ಹೋದದ್ದು, ಓಟಿಗೆ (ಓವರ್‌ಟೈಮ್) ನಿಂತದ್ದು. ಓಟಿಗೆ ಕಾನೂನು ಎರಡು ಪಟ್ಟು ಕೂಲಿ ಎನ್ನುತ್ತದೆ, ಪಾಯಿಂಟು ಅದರ ಬದಲಿಗೆ ನಿಲ್ಲುವುದಿಲ್ಲ. 'ಅಪಘಾತವಿಲ್ಲದ ವಾರ' ಎಂಬ ಬಹುಮಾನವೂ ಬೇಡ, ಬೆರಳಿಗೆ ಸೂಜಿ ಚುಚ್ಚಿದವಳು ಬಟ್ಟೆಚೂರು ಸುತ್ತಿಕೊಂಡು ಸುಮ್ಮನಿರುತ್ತಾಳೆ. ಮುರಿದ ಸೂಜಿಯ ಎಣಿಕೆ ಇದಕ್ಕಿಂತ ಅಪಾಯ. ಮುರಿದ ಸೂಜಿಯ ಎಲ್ಲ ಚೂರೂ ಹುಡುಕಿ, ರಿಜಿಸ್ಟರಿನಲ್ಲಿ ಟೇಪ್ ಹಚ್ಚಿ ಅಂಟಿಸಿದ ಮೇಲೆಯೇ ಹೊಸ ಸೂಜಿ ಕೊಡುವ ಪದ್ಧತಿ ನಿಮ್ಮಲ್ಲೂ ಇರುತ್ತದೆ. ಕಡಿಮೆ ಸೂಜಿ ಮುರಿದವರಿಗೆ ಬಹುಮಾನ ಎಂದರೆ ಚೂರು ಶರ್ಟಿನೊಳಗೇ ಉಳಿದು ಹಡಗು ಹತ್ತಬಹುದು.

ಇನ್ನು ಒಪ್ಪಿಗೆ. ಸಂಶೋಧಕರಾದ ಈಥನ್ ಮೊಲಿಕ್ ಮತ್ತು ನ್ಯಾನ್ಸಿ ರಾತ್‌ಬಾರ್ಡ್ ಮಾರಾಟದ ಕೆಲಸದವರ ನಡುವೆ ಬ್ಯಾಸ್ಕೆಟ್‌ಬಾಲ್ ಮಾದರಿಯ ಆಟವೊಂದನ್ನು ಇಟ್ಟು ನೋಡಿದರು. ಆಟವನ್ನು ಮನಸಾರೆ ಒಪ್ಪಿದವರಿಗೆ ಕೆಲಸದಲ್ಲಿ ಖುಷಿ ಹೆಚ್ಚಿತು, ಒಪ್ಪದೆ ಸಿಕ್ಕಿಕೊಂಡವರಿಗೆ ಅದು ಇಳಿಯಿತು. ಹೇರಿದ ಮೋಜು ಮೋಜಲ್ಲ ಎಂದು ನಮಗೂ ಗೊತ್ತು, ಸ್ಕೂಲ್ ಡೇಯಲ್ಲಿ ಬಲವಂತಕ್ಕೆ ಕುಣಿದವರೆಲ್ಲ ಬಲ್ಲರು. ನಾಲ್ಕು ಲೈನಿನಲ್ಲಿ ಯಾವುದು ಎಂದು ನೀವೇ ಗೊತ್ತುಮಾಡುವ ಬದಲು ಕೇಳಿ ನೋಡಿ. ವರ್ಕ್ಸ್ ಕಮಿಟಿ (ಕಾರ್ಮಿಕರ ಮತ್ತು ಮ್ಯಾನೇಜ್‌ಮೆಂಟಿನ ಪ್ರತಿನಿಧಿಗಳ ಸಮಿತಿ) ಇದ್ದರೆ ನಿಯಮವನ್ನು ಅವರ ಮುಂದಿಡಿ, ಅವರು ಹೇಳಿದ ಒಂದಾದರೂ ತಿದ್ದುಪಡಿ ಒಳಗೆ ಬರಲಿ. ಎಲ್ಲಕ್ಕಿಂತ ಚೆನ್ನಾಗಿ ಓಡುವ ಲೈನೂ ಬೇಡ, ಎಲ್ಲಕ್ಕಿಂತ ಕೆಟ್ಟದ್ದೂ ಬೇಡ. ನಡುವಿನದು, ಕೂಗಾಡದ ಸೂಪರ್‌ವೈಸರ್ ಇರುವಂಥದ್ದು ಸಾಕು. ಕೂಗಾಡುವವರ ಕೈಗೆ ಬೋರ್ಡು ಕೊಟ್ಟರೆ ಬೈಯಲು ಹೊಸ ಮಾತು ಸಿಕ್ಕಂತಾಗುತ್ತದೆ ಅಷ್ಟೇ.

ಫಲ ಅಳೆಯುವಾಗ ಮೊದಲ ನಾಲ್ಕು ವಾರದ ಅಂಕಿ ಮ್ಯಾನೇಜ್‌ಮೆಂಟ್‌ಗೆ ತೋರಿಸಲು ಹೋಗಬೇಡಿ. ಹೊಸತನದ ಹುರುಪಿನಲ್ಲಿ ಏನಿಟ್ಟರೂ ಏರುತ್ತದೆ, ನಿಮ್ಮ ಫೋಟೊ ಬೋರ್ಡೂ ಎರಡು ತಿಂಗಳು ಏರಿತ್ತು. ಒಂಬತ್ತರಿಂದ ಹನ್ನೆರಡನೇ ವಾರದ ಅಂಕಿಯನ್ನು ಆಟವಿಲ್ಲದ ಮೂರು ಲೈನುಗಳ ಅದೇ ವಾರಗಳ ಅಂಕಿಯ ಪಕ್ಕ ಇಡಿ. ಹಿಂದಿನ ತಿಂಗಳ ಜೊತೆ ಹೋಲಿಸಿದರೆ ಹಬ್ಬವೋ ಕೊಯ್ಲೋ ಮಧ್ಯೆ ಬಂದು ಲೆಕ್ಕ ಕೆಡಿಸುತ್ತದೆ. ಹೇಳದೆ ಗೈರು ಮೂರನೇ ಒಂದರಷ್ಟಾದರೂ ಇಳಿದು, ಆಲ್ಟರ್ ಶೇ 10 ಇಳಿದಿದ್ದರೆ ಎರಡನೇ ಲೈನಿಗೆ ಒಯ್ಯಿರಿ. ಗೈರು ಇಳಿದು ಆಲ್ಟರ್ ಕದಲದಿದ್ದರೆ ಆಲ್ಟರ್ ಹೆಜ್ಜೆ ತೆಗೆದುಹಾಕಿ, ನಿಮ್ಮ ಆಲ್ಟರ್‌ಗೆ ಕಾರಣ ಕೈಯಲ್ಲಿಲ್ಲ, ಮೆಷಿನ್ನಿನಲ್ಲೋ ಕಟಿಂಗ್‌ನಲ್ಲೋ ಇದೆ. ಎರಡೂ ಕದಲದಿದ್ದರೆ ಬೋರ್ಡು ಒರೆಸಿ ಗಂಟೆಗಂಟೆಯ ಪ್ರೊಡಕ್ಷನ್ ಬರೆಯಲು ಬಳಸಿ.

ಆ್ಯಪ್ ಬಗ್ಗೆ ಮ್ಯಾನೇಜ್‌ಮೆಂಟ್‌ಗೆ ಹೇಳಲು ಎರಡು ಮಾತು. ಗೇಮಿಫಿಕೇಷನ್ ಎಂಬ ಪದ ಎಲ್ಲರ ಬಾಯಲ್ಲಿ ಓಡಾಡುತ್ತಿದ್ದ 2012ರಲ್ಲೇ ಐಟಿ ಕ್ಷೇತ್ರದ ಸಂಶೋಧನೆ ನಡೆಸುವ ಗಾರ್ಟ್‌ನರ್ ಸಂಸ್ಥೆ, 2014ರ ಹೊತ್ತಿಗೆ ಇಂಥ ಶೇ 80 ಆ್ಯಪ್‌ಗಳು ಉದ್ದೇಶ ಮುಟ್ಟದೆ ಸೋಲುತ್ತವೆ, ಕಾರಣ ಆಟವನ್ನು ಸರಿಯಾಗಿ ಕಟ್ಟದಿರುವುದು ಎಂದು ಅಂದಾಜು ಹೇಳಿತ್ತು. ಎರಡನೆಯದು ಇನ್ನೂ ಸರಳ: ಫ್ಲೋರಿನೊಳಗೆ ಮೊಬೈಲ್ ಬಿಡುವುದಿಲ್ಲ, ಗೇಟಿನಲ್ಲೇ ಲಾಕರ್‌ಗೆ ಹಾಕಿಸುತ್ತೀರಿ. ಹಾಗಾದರೆ ಪಾಯಿಂಟ್ ನೋಡುವುದು ಎಲ್ಲಿ, ಬಸ್ಸಿನಲ್ಲೇ? ಮೂರು ಲೈನಿಗೆ ಹಬ್ಬಿ, ಕೈಲೆಕ್ಕಕ್ಕೆ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯತೊಡಗಿದರೆ ಎಕ್ಸೆಲ್ ಶೀಟು ಮಾಡಿಕೊಳ್ಳಿ. ಅದೂ ಸಾಲದಾದಾಗ ಆ್ಯಪ್ ಮಾತು.

ಮುಂದಿನ ತಿಂಗಳೇ ಶುರುವಾಗಬೇಕು ಎಂಬ ಒತ್ತಾಯಕ್ಕೆ ಹೀಗೆ ಉತ್ತರಿಸಿ: ನಾಳೆಯೇ ಶುರು ಮಾಡುತ್ತೇವೆ, ಗೈರಿನ ಕಾರಣದ ಪಟ್ಟಿಯಿಂದ. ಆ ಎರಡು ವಾರದೊಳಗೇ ಹಿಂದಿನ ನಾಲ್ಕು ವಾರದ ಎಂಡ್‌ಲೈನ್ ಶೀಟುಗಳನ್ನು ತೆಗೆದು ಗುಂಪುವಾರು ಸರಾಸರಿ ಹಾಕಿಸಿ. ಮೂರನೇ ವಾರ ಲೈನಿನವರ ಜೊತೆ ಮಾತು, ಬೋರ್ಡು ತರಿಸುವುದು. ನಾಲ್ಕನೇ ವಾರದ ಸೋಮವಾರ ಮೊದಲ ಕಾಯಿ. ಆ ಸೋಮವಾರ ಸಂಬಳದ ಮಾರನೇ ದಿನವೋ, ಹಬ್ಬದ ಹಿಂದುಮುಂದೋ ಬಿದ್ದರೆ ಒಂದು ವಾರ ಮುಂದಕ್ಕೆ ಹಾಕಿ.